ಕಾಯುವುದನ್ನು ಕಲಿತ ಪೆಟ್ಟಿಗೆ

“ದೊರೆ, ಸ್ವಲ್ಪ ಈ ಕಡೆ ಬರ್ತೀರಾ?”

ಚಿತಾಗಾರದ ಕಚೇರಿಯ ಕಿಟಕಿಯಿಂದ ಗುಮಾಸ್ತೆ ಕೂಗಿದ್ದೇ ತಡ, ಎರಡು ತಲೆಗಳು ಒಟ್ಟಿಗೆ ತಿರುಗಿದವು. ಒಂದು, ದಪ್ಪ ಕೈಗವಸುಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕುಲುಮೆಯ ಕಡೆ ಹೊರಟಿದ್ದವನದು. ಇನ್ನೊಂದು, ಟ್ಯಾಕ್ಸಿಯಿಂದ ಒಂದು ಕಾಲನ್ನು ಕೆಳಗಿಟ್ಟು ಇನ್ನೊಂದು ಕಾಲಿನ ಮನವೊಲಿಸುತ್ತಿದ್ದ ಮುದುಕನದು.

“ಏನಮ್ಮಾ?” ಎಂದ ಮುದುಕ.

“ನಿಮ್ಮನ್ನಲ್ಲ ತಾತ, ಅವರನ್ನ ಕರೆದಿದ್ದು. ಕುಲುಮೆ ನೋಡ್ಕೊಳ್ಳೋರು.”

“ಅವರೂ ದೊರೆನಾ?”

“ಇಲ್ಲಿ ಎಲ್ಲರೂ ಅವರನ್ನ ಹಾಗೇ ಕರೆಯೋದು.”

ಮುದುಕ ಕುಲುಮೆಯವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಹಾಗಾದ್ರೆ ನಾನು ಮಾಜಿ, ಇವರು ಹಾಲಿ. ಪಟ್ಟಾಭಿಷೇಕಕ್ಕೆ ಒಂದು ಮಾತು ಹೇಳಿಕಳಿಸಬಾರದಿತ್ತಾ?”

ಅಷ್ಟರಲ್ಲಿ ಸತ್ತವಳ ಮಗಳು ಬಂದು ಅವನ ಮೊಣಕೈ ಹಿಡಿದುಕೊಂಡಳು. ಅವಳು ಹಲ್ಲಿನ ಡಾಕ್ಟರು. ಒಳಗೆ ಬಿಳಿ ಬಟ್ಟೆ ಹೊದ್ದು ಮಲಗಿದ್ದವಳು ಅವಳ ಅಮ್ಮ. ಅಮ್ಮ ಮೊದಲು ಕೆಲಸಕ್ಕೆ ಸೇರಿದ ಕಚೇರಿಯಲ್ಲಿ ದೊಡ್ಡ ಕಂಪ್ಯೂಟರನ್ನು ನಡೆಸುತ್ತಿದ್ದ ಆಪರೇಟರ್ ಈ ಮುದುಕ. ಅಮ್ಮನ ಬಾಯಲ್ಲಿ ಅವನಿಗೆ ಬೇರೆ ಹೆಸರೇ ಇರಲಿಲ್ಲ. ದೊರೆ ಎಂದರೆ ದೊರೆ.

“ಬಂದ್ರಲ್ಲ ಅಂಕಲ್. ನಿಮ್ಮನ್ನ ಕರೆಸ್ಲೇಬೇಕು ಅಂತ ಅಮ್ಮ ಹೇಳಿದ್ಲು.”

“ಗುಬ್ಬಿ ಕರೆದ್ರೆ ಬರದೇ ಇರ್ತೀನಾ? ಬೇರೆ ಯಾರಾದ್ರೂ ಆಗಿದ್ರೆ ಮಂಡಿನೋವು ಅಂತಿದ್ದೆ.”

ಒಳಗೆ ಬೆಂಚುಗಳ ಮೇಲೆ ಜನ ಕೂತಿದ್ದರು. ಸಾವಿನ ಮನೆಯ ಮಾತಿಗೆ ಇರಬೇಕಾದಷ್ಟೇ ದನಿಯಲ್ಲಿ ಪಕ್ಕದ ಮನೆಯಾಕೆ ಕೇಳಿದರು: “ನಿಮ್ಮಕ್ಕ ಕಂಪ್ಯೂಟರ್ ರಿಪೇರಿ ಮಾಡ್ತಿದ್ರು, ಅಲ್ವಾ?”

“ರಿಪೇರಿ ಅಲ್ಲ,” ಎಂದ ಸತ್ತವಳ ತಮ್ಮ. “ಅದು ಹುಟ್ಟಿದ ತಕ್ಷಣ ಕಿವಿ ಹಿಡಿದು ಬುದ್ಧಿ ಹೇಳೋ ಕೆಲಸ. ಸ್ವಿಚ್ ಹಾಕಿದ್ರೆ ಕಣ್ಣು ಬಿಡು, ಕೇಳಿದ್ದನ್ನ ಹುಡುಕ್ಕೊಡು, ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನು. ಚಿಕ್ಕವನಿದ್ದಾಗ ಅಕ್ಕ ಇದನ್ನೆಲ್ಲಾ ಮೊದಲು ನನ್ನ ಮೇಲೆ ಪ್ರಯೋಗ ಮಾಡಿದ್ಲು. ಕೊನೇದು ಮಾತ್ರ ನನಗೆ ಹತ್ತಲಿಲ್ಲ.”

ಯಾರೋ ನಕ್ಕು, ಅದನ್ನು ಕೆಮ್ಮಾಗಿ ತಿದ್ದಿಕೊಂಡರು. ಮಗಳು ನಗಲಿಲ್ಲ. ದೊರೆಯನ್ನು ಗೋಡೆಯ ಬದಿಗೆ ಕರೆದುಕೊಂಡು ಹೋದಳು.

“ಅಂಕಲ್, ಅಪ್ಪ ಹೋದಾಗಲೂ ಇಲ್ಲಿಗೇ ಬಂದಿದ್ವಿ. ಆ ಗಾಜಿನ ಕೋಣೆ ಕಾಣ್ತಿದೆಯಲ್ಲ, ಮನೆಯವರಲ್ಲಿ ಒಬ್ಬರು ಅಲ್ಲಿಗೆ ಹೋಗಿ ಕೀ ಒತ್ತಬೇಕು, ಆಗಲೇ ಕುಲುಮೆ ಶುರುವಾಗೋದು. ಅಮ್ಮನೇ ಹೋದ್ಲು. ನಾವೆಲ್ಲಾ ಗಾಜಿನ ಈಚೆ. ಎಷ್ಟು ಹೊತ್ತಾದ್ರೂ ಒತ್ತಲೇ ಇಲ್ಲ. ಬೆನ್ನು ಅಲ್ಲಾಡ್ತಿತ್ತು. ಪಾಪ, ಅಳ್ತಿದ್ದಾಳೆ ಅಂದ್ಕೊಂಡೆ. ಆಮೇಲೆ ತಿರುಗಿದ್ಲು ನೋಡಿ...”

“ಹೂಂ?”

“ನಗ್ತಿದ್ಲು.”

“ಗುಬ್ಬಿನಾ?”

“ಹೊಟ್ಟೆ ಹಿಡ್ಕೊಂಡು. ಆಚೆ ಅಪ್ಪ ಮಲಗಿದ್ದಾರೆ, ಈಚೆ ಇವಳು ನಗ್ತಿದ್ದಾಳೆ. ಯಾಕೆ ಅಂತ ಕೇಳಿದ್ರೆ, ‘ನನ್ನ ಸರದಿ ಬಂದಾಗ ನೀನೇ ಒತ್ತು. ದೊರೆಯನ್ನ ಪಕ್ಕದಲ್ಲಿ ನಿಲ್ಲಿಸ್ಕೋ. ಅವಸರ ಮಾಡ್ಬೇಡ’ ಅಂದ್ಲು. ಇನ್ನೇನೂ ಹೇಳಲಿಲ್ಲ. ಆ ನಗುನ ನಾನು ಇನ್ನೂ ಕ್ಷಮಿಸಿಲ್ಲ ಅಂಕಲ್. ಕ್ಷಮಿಸದೇ ಇವಳನ್ನ ಕಳಿಸೋದು ಹೇಗೆ?”

ದೊರೆ ಗಾಜಿನ ಕೋಣೆಯ ಕಡೆ ತಿರುಗಿ ನೋಡಿದ.

*

ಗುಬ್ಬಿ ಎಂದು ಹೆಸರಿಟ್ಟವನು ಅವನೇ. ಕೆಲಸಕ್ಕೆ ಸೇರಿದ ದಿನ ಅವಳು ಕಂಪ್ಯೂಟರಿಗೆ ಆದೇಶ ಕೊಡಲು ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಮಗುವಿನಂತೆ ಎದೆಗವಚಿಕೊಂಡು ಯಂತ್ರದ ಕೋಣೆಯ ಬಾಗಿಲಲ್ಲಿ ನಿಂತುಬಿಟ್ಟಿದ್ದಳು. ನೆಲದ ಹಲಗೆಗಳ ಕೆಳಗಿಂದ ತಣ್ಣನೆಯ ಗಾಳಿ ಏಳುತ್ತಿತ್ತು. ಬೀರುಗಳ ಸಾಲಿಗೆ ಕೊನೆ ಕಾಣುತ್ತಿರಲಿಲ್ಲ. ಗಾಜಿನ ಬಾಗಿಲುಗಳ ಹಿಂದೆ ಟೇಪಿನ ಚಕ್ರಗಳು ತಿರುಗಿ, ಏನೋ ನೆನಪಾದಂತೆ ನಿಂತು, ಹಿಂದಕ್ಕೆ ತಿರುಗಿ, ಮತ್ತೆ ಮುಂದಕ್ಕೆ ಓಡುತ್ತಿದ್ದವು. ಇಷ್ಟೆಲ್ಲ ಸೇರಿ ಒಂದೇ ಯಂತ್ರ, ಮತ್ತು ತಾವೆಲ್ಲ ಅದರ ಹೊಟ್ಟೆಯೊಳಗೆ ನಿಂತಿದ್ದೇವೆ ಎನ್ನುವುದು ಹೊಳೆದಾಗ ಅವಳ ಬಾಯಿ ತೆರೆದೇ ಉಳಿಯಿತು.

“ಬಾಯಿ ಮುಚ್ಕೋ ಗುಬ್ಬಿ,” ಎಂದ ಆಪರೇಟರ್. “ಉಸಿರು ತಾಗಿದ್ರೆ ಟೇಪಿಗೆ ನೆಗಡಿ ಆಗುತ್ತೆ.”

ಅವನಿಗೆ ಆ ಯಂತ್ರದ ಎಲ್ಲ ದನಿಗಳೂ ಬರುತ್ತಿದ್ದವು. ಕಾರ್ಡು ನುಂಗುವ ಟರ್‌ರ್‌ರ್, ಸಾಲುಸಾಲಾಗಿ ಮುದ್ರಿಸುವ ಝರಾಝರ್, ಟೇಪು ಕಿತ್ತುಹೋಗುವ ಚಟ್ ಫಟಫಟ. ಅವಳ ಬೆನ್ನ ಹಿಂದೆ ನಿಂತು ‘ಟರ್‌ರ್... ಕಟಕ್’ ಎಂದು ಕಾರ್ಡು ಸಿಕ್ಕಿಕೊಂಡ ದನಿ ಮಾಡಿದರೆ ಅವಳು ಬಿದ್ದಂಬೀಳ ಓಡುತ್ತಿದ್ದಳು. ಅಲ್ಲಿ ಯಂತ್ರ ತನ್ನ ಪಾಡಿಗೆ ತಾನು ನುಂಗುತ್ತಿರುತ್ತಿತ್ತು.

ಆದರೆ ಅವಳು ನಿಜವಾಗಿ ಬೆರಗಾದದ್ದು ಬೇರೆಯದಕ್ಕೆ. ಮೂಲೆಯ ಮೇಜಿನ ಮೇಲೆ ಒಂದು ಟೈಪ್‌ರೈಟರ್ ಇತ್ತು. ಯಾರೂ ಮುಟ್ಟದೆ ಅದು ತಾನಾಗಿ ಟೈಪ್ ಮಾಡಿತು: ‘ಮುಂದಿನ ಟೇಪ್ ಹಾಕಿ. ಸಿದ್ಧವಾದ ಮೇಲೆ ಕೀಲಿ ಒತ್ತಿ.’ ಆಮೇಲೆ ಇಡೀ ಕೋಣೆ ಸುಮ್ಮನಾಯಿತು. ಒಂದು ನಗರದ ಅಷ್ಟೂ ಜನರನ್ನು ವಯಸ್ಸಿನ ಪ್ರಕಾರ ಸಾಲಾಗಿ ನಿಲ್ಲಿಸಬಲ್ಲ ಯಂತ್ರ, ಈ ಮನುಷ್ಯ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಟೇಪನ್ನು ಸಿಕ್ಕಿಸಿ, ಬಂದು ಒಂದು ಕೀಲಿಯನ್ನು ಒತ್ತುವವರೆಗೆ ಉಸಿರು ಬಿಗಿಹಿಡಿದು ಕಾಯಿತು.

“ಇಷ್ಟು ದೊಡ್ಡದು ನಿಮಗೋಸ್ಕರ ಕಾಯುತ್ತಾ?”

“ಕಾಯದೇ ಏನು ಮಾಡುತ್ತೆ? ನಾನು ದೊರೆ ಅಲ್ವಾ.”

ಅಂದಿನಿಂದ ಅವನು ದೊರೆ. ಆಮೇಲೊಂದು ಮಧ್ಯಾಹ್ನ, ಊಟ ಮುಗಿಸಿ ತಡವಾಗಿ ಬಂದ ದೊರೆಗೆ ಕಂಡದ್ದು ಟೈಪ್‌ರೈಟರಿನಿಂದ ಇಳಿದು ನೆಲದಲ್ಲಿ ಸುರುಳಿಯಾಗಿ ಬಿದ್ದಿದ್ದ ಕಾಗದ. ಅದರ ತುಂಬ ಒಂದೇ ಸಾಲು: ‘ದೊರೆ ಊಟಕ್ಕೆ ಹೋದರೇ? ದೊರೆ ಊಟಕ್ಕೆ ಹೋದರೇ?’ ಗಾಬರಿಯಲ್ಲಿ ಕೀಲಿ ಒತ್ತಿದ. ಯಂತ್ರ ಟಕಟಕನೆ ಉತ್ತರ ಕೊಟ್ಟಿತು: ‘ಅಂತೂ ಬಂದಿರಿ.’ ಬೀರುಗಳ ಹಿಂದೆ ಅಡಗಿದ್ದ ಕಚೇರಿಯವರೆಲ್ಲ ಹೋ ಎಂದರು. ಕಾರ್ಡು ಸಿಕ್ಕಿಕೊಂಡ ದನಿಗೆ ಗುಬ್ಬಿ ಬಡ್ಡಿಸಮೇತ ಉತ್ತರ ಬರೆದಿದ್ದಳು. ದೊರೆಗೆ ನಕ್ಕು ನಕ್ಕು ಬಿಕ್ಕಳಿಕೆ ಬಂತು.

*

“ಸಾರ್, ಒಳಗೆ ಬನ್ನಿ,” ಎಂದು ಕುಲುಮೆಯವನು ಗಾಜಿನ ಕೋಣೆಯ ಬಾಗಿಲು ತೆರೆದ.

“ಬೇಗ ಮುಗಿಸಿ ಬಾಮ್ಮ,” ಎಂದ ಸೋದರಮಾವ. “ನಿಂತಷ್ಟೂ ಸಂಕಟ ಜಾಸ್ತಿ.”

ಕೋಣೆಯಲ್ಲಿ ಮೂವರಿಗೆ ಸಾಲುವಷ್ಟೇ ಜಾಗ. ಒಂದು ಮೇಜು, ಅದರ ಮೇಲೆ ಹಳದಿಗಟ್ಟಿದ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಕಪ್ಪು ಪರದೆ. ಪರದೆಯಲ್ಲಿ ಹಸಿರು ಅಕ್ಷರಗಳು: ‘ಸಿದ್ಧವಾದ ಮೇಲೆ ಕೀಲಿ ಒತ್ತಿ.’ ಅದರ ಕೊನೆಯಲ್ಲಿ ಒಂದು ಚುಕ್ಕೆ ಮಿಣುಕುತ್ತಿತ್ತು.

ಮಗಳು ಬೆರಳು ಚಾಚಿದಳು. ಹಿಂದಕ್ಕೆಳೆದುಕೊಂಡಳು. “ದಿನಾ ಹಲ್ಲು ಕೀಳೋ ಕೈ ಇದು. ಒಂದು ಕೀ ಒತ್ತೋಕೆ ಆಗ್ತಿಲ್ಲ ನೋಡಿ. ನೀವೇ ಒತ್ತಿಬಿಡಿ ಅಂಕಲ್.”

“ಅವಸರ ಇಲ್ಲಮ್ಮ,” ಎಂದ ಕುಲುಮೆಯವನು. “ಇದು ಕಾಯುತ್ತೆ. ಕಂಪನಿಯವರು ಹೊಸದೊಂದು ತಂದು ತೋರಿಸಿದ್ರು. ಅದು ಸ್ವಲ್ಪ ಹೊತ್ತು ನೋಡುತ್ತೆ, ಯಾರೂ ಒತ್ತದಿದ್ರೆ ತಾನೇ ಶುರು ಹಚ್ಕೊಳ್ಳುತ್ತೆ. ಬೇಡಪ್ಪಾ ತಗೊಂಡು ಹೋಗಿ ಅಂದೆ. ಇದಾದ್ರೆ ಮನೆಯವರ ಕೈ ಬರೋ ತನಕ ಕಾಯುತ್ತೆ.”

ದೊರೆ ಬಗ್ಗಿ ಪೆಟ್ಟಿಗೆಯ ಬದಿಗಳನ್ನು ಸವರಿದ. ಅದರ ಮೇಲಿದ್ದ ಕಂಪನಿಯ ಹೆಸರು ಅವನಿಗೆ ಪರಿಚಯದ್ದಲ್ಲ. ಆದರೆ ಆ ಕಾಯುವ ರೀತಿ, ಮುಖ ಕಂಡ ಕೂಡಲೇ ಎದ್ದುನಿಲ್ಲುವ ಹಳೆಯ ನೆಂಟನ ಹಾಗೆ, ಅವನನ್ನೇ ನೋಡುತ್ತಿತ್ತು.

*

ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಬ್ಬ ರೇಡಿಯೋ ರಿಪೇರಿಯವನು ಕಂಪ್ಯೂಟರ್ ಕಟ್ಟಲು ಹೊರಟಿದ್ದ. ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದಾದ ಕಂಪ್ಯೂಟರ್! ಗುಬ್ಬಿ ದೊಡ್ಡ ಕಚೇರಿ ಬಿಟ್ಟು ಅಲ್ಲಿಗೆ ಸೇರಿದಳು. ಪೆಟ್ಟಿಗೆ ತಯಾರಾಗಿತ್ತು, ಆದರೆ ಹೇಗೆ ಬದುಕಬೇಕೆಂದು ಅದಕ್ಕೆ ತಿಳಿದಿರಲಿಲ್ಲ. ಅದನ್ನು ಕಲಿಸುವುದು ಅವಳ ಪಾಲಿಗೆ ಬಂತು. ಅವಳಿಗಾದರೂ ಬಾಳಿನಲ್ಲಿ ಗೊತ್ತಿದ್ದದ್ದು ಒಂದೇ ಯಂತ್ರ.

ಹಾಗಾಗಿ ದೊಡ್ಡದರ ನಡೆನುಡಿಯನ್ನೆಲ್ಲ ಚಿಕ್ಕದಕ್ಕೆ ದಾಟಿಸಿದಳು. ಕಡತಗಳಿಗೆ ಮೋಟು ಹೆಸರು, ಪ್ರತಿ ಡಿಸ್ಕಿಗೂ ಗುರುತಿಗೊಂದು ಅಕ್ಷರ. ಕಾರ್ಡಿನಲ್ಲಿ ಎಂಬತ್ತು ಅಕ್ಷರ ಹಿಡಿಯುತ್ತಿದ್ದವೆಂದು ಪರದೆಯ ಸಾಲಿಗೂ ಎಂಬತ್ತೇ ಅಕ್ಷರ. ಕಾರ್ಡೇ ಇಲ್ಲದ ಪೆಟ್ಟಿಗೆಗೆ ಕಾರ್ಡಿನ ಅಗಲ!

“ಆನೆಯ ಪಾಠವನ್ನ ಇಲಿಗೆ ಹೇಳ್ಕೊಡ್ತಿದ್ದೀರಲ್ಲ ಮೇಡಮ್!” ಎಂದ ಮಾಲೀಕ.

“ಇಲಿಗೂ ನಾಲ್ಕೇ ಕಾಲು ಸ್ವಾಮಿ. ನಡೆಯೋದು ಹಾಗೇ ತಾನೆ?”

“ಸರಿ, ಆದ್ರೆ ಡಿಸ್ಕ್ ಬದಲಾಯಿಸಿ, ಸಿದ್ಧವಾದ ಮೇಲೆ ಕೀಲಿ ಒತ್ತಿ ಅಂತ ಯಾರಿಗೆ ಹೇಳ್ತಿದೆ ಇದು? ಇಲ್ಲಿ ಆಪರೇಟರ್ ಎಲ್ಲಿದ್ದಾನೆ?”

“ಎದುರಿಗೆ ಕೂತೋರೇ ಆಪರೇಟರು. ಅವರಿಗೇ ಕಾಯುತ್ತೆ. ಇನ್ಮೇಲೆ ಮನೆಮನೆಯಲ್ಲೂ ಒಬ್ಬೊಬ್ಬ ದೊರೆ.”

ಪೆಟ್ಟಿಗೆಯ ನೆನಪು ಅಂಗೈಯಷ್ಟು. ಒಂದೊಂದು ಅಕ್ಷರವನ್ನೂ ಸೇರಿಸಲು ಇನ್ನೊಂದನ್ನು ಹೊರಹಾಕಬೇಕಿತ್ತು. ಆ ಇಕ್ಕಟ್ಟಿನಲ್ಲೂ ಗುಬ್ಬಿ ಎರಡು ಸಾಲುಗಳಿಗೆ ಚಾಪೆ ಹಾಸಿಕೊಟ್ಟಿದ್ದಳು.

ಪ್ರದರ್ಶನದ ದಿನ ದೊರೆಯೂ ಬಂದ. ಅದೇ ತಿಂಗಳು ಅವನ ದೊಡ್ಡ ಯಂತ್ರವನ್ನು ತುಂಡುಮಾಡಿ ಲಾರಿಗೆ ಹೇರಿದ್ದರು. ಚಿಕ್ಕ ಪೆಟ್ಟಿಗೆ ಡಿಸ್ಕ್ ಕೇಳಿತು, ಮಾಲೀಕ ತಡಬಡಾಯಿಸಿದ, ತಡವಾಯಿತು, ಪರದೆಯ ಮೇಲೆ ಮೂಡಿತು: ‘ದೊರೆ ಊಟಕ್ಕೆ ಹೋದರೇ?’ ನೆರೆದವರೆಲ್ಲ ನಕ್ಕರು. ದೊರೆ ನಗಲಿಲ್ಲ. ಮೆಟ್ಟಿಲ ಬಳಿ ಅವಳನ್ನು ನಿಲ್ಲಿಸಿ ಹೇಳಿದ: “ಸಿಂಹಾಸನ ಲಾರಿಯಲ್ಲಿ ಹೋಯ್ತು ಗುಬ್ಬಿ. ಉಳಿದಿದ್ದು ಹೆಸರೊಂದು. ಅದನ್ನೂ ಆಟದ ಸಾಮಾನಿಗೆ ಅಂಟಿಸ್ಬೇಡ. ತೆಗೆದುಹಾಕು.”

“ಆಯ್ತು ದೊರೆ, ತೆಗೀತೀನಿ,” ಎಂದಳು ಗುಬ್ಬಿ. ಅಷ್ಟು ಬೇಗ ಒಪ್ಪಿದ್ದಕ್ಕೇ ಅವನು ಅನುಮಾನಪಡಬೇಕಿತ್ತು.

ಮಾಲೀಕನ ಅಂಗಡಿ ಮುಚ್ಚಿತು. ಅವಳು ಕಲಿಸಿದ ಪಾಠ ಮಾತ್ರ ಬೇರೆ ಪೆಟ್ಟಿಗೆಗಳಿಗೆ, ಅಲ್ಲಿಂದ ಮತ್ತೆ ಬೇರೆಯವಕ್ಕೆ, ಯಾರು ಯಾರಿಂದ ಕಲಿತರೆಂಬ ಲೆಕ್ಕವಿಲ್ಲದೆ ದಾಟುತ್ತಾ ಹೋಯಿತು. ಮಗ್ಗಗಳಿಗೆ, ಲಿಫ್ಟುಗಳಿಗೆ, ಬೇಕರಿಯ ಒಲೆಗಳಿಗೆ. ದೊರೆಗೆ ಅದೊಂದೂ ಗೊತ್ತಾಗಲಿಲ್ಲ.

*

ಮಿಣುಕುತ್ತಿದ್ದ ಚುಕ್ಕೆ ಇದ್ದಕ್ಕಿದ್ದಂತೆ ಕೆಳಗಿನ ಸಾಲಿಗೆ ಜಿಗಿಯಿತು. ಒಂದೊಂದಾಗಿ ಹಸಿರು ಅಕ್ಷರಗಳು ಮೂಡಿದವು.

‘ದೊರೆ ಊಟಕ್ಕೆ ಹೋದರೇ?’

ದೊರೆ ಮೇಜಿನ ಅಂಚು ಹಿಡಿದುಕೊಂಡ. ಅವನ ಬಾಯಿ, ಹಿಂದೊಮ್ಮೆ ಯಂತ್ರದ ಕೋಣೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿಯ ಬಾಯಿಯಂತೆ ತೆರೆದೇ ಉಳಿಯಿತು.

“ಇದಾ ಸಾರ್?” ಎಂದ ಕುಲುಮೆಯವನು ಸಂಕೋಚದಿಂದ. “ತಪ್ಪು ತಿಳ್ಕೋಬೇಡಿ. ಮನೆಯವರು ತಡ ಮಾಡಿದಾಗೆಲ್ಲಾ ಬರುತ್ತೆ. ಕೆಲವರು ಬೈತಾರೆ. ಸುಮಾರು ಜನ ಕಣ್ಣು ಒರೆಸ್ಕೊಂಡು, ಸರಿ ಬಿಡಪ್ಪಾ ಅಂತ ಒತ್ತುತ್ತಾರೆ. ಈ ಸಾಲು ನೋಡಿನೇ ನನ್ನನ್ನ ದೊರೆ ಅನ್ನೋದು. ನನ್ನ ಮುಂಚೆ ಇದ್ದೋರನ್ನೂ ಹಾಗೇ ಅಂತಿದ್ರಂತೆ. ಯಾವ ಪುಣ್ಯಾತ್ಮರು ಬರೆದ್ರೋ.”

“ಇವಳಮ್ಮ,” ಎಂದ ದೊರೆ. ಪರದೆಯತ್ತ ಬೆರಳು ತೋರಿಸಿದ. ಮತ್ತೆ ಹೇಳಿದ: “ಇವಳಮ್ಮ ಬರೆದಿದ್ದು. ನನ್ನ ಮೇಲೆ. ತೆಗೆದುಹಾಕು ಅಂದಿದ್ದೆ. ಆಯ್ತು ದೊರೆ ಅಂದಿದ್ಲು...”

ಕುಲುಮೆಯವನು ಪರದೆಯನ್ನೂ ಮುದುಕನನ್ನೂ ನೋಡಿ, ಕಂಕುಳಲ್ಲಿದ್ದ ಕೈಗವಸುಗಳನ್ನು ತೆಗೆದು ಎದೆಗೆ ಹಿಡಿದುಕೊಂಡು ನೆಟ್ಟಗೆ ನಿಂತ.

“ಅಪ್ಪನ ದಿನ ಅಮ್ಮನಿಗೆ ಕಂಡಿದ್ದು ಇದೇನಾ?” ಮಗಳ ದನಿ ಸಣ್ಣಗಾಗಿತ್ತು. “ಇಷ್ಟು ವರ್ಷ ಆದ್ಮೇಲೆ, ಅವಳು ಒಬ್ಬಳೇ ನಿಂತಿದ್ದಾಗ, ಅವಳು ಬರೆದಿದ್ದೇ ಬಂದು ಅವಳನ್ನ ಮಾತಾಡಿಸ್ತಾ?”

ದೊರೆಯ ಭುಜಗಳು ಅಲ್ಲಾಡತೊಡಗಿದ್ದವು. ಅವನು ಉತ್ತರವಾಗಿ ಕೈಯೆತ್ತಿ, ಬಾಯಿಂದಲೇ ‘ಟರ್‌ರ್... ಕಟಕ್’ ಎಂದ. ಎಷ್ಟೋ ಕಾಲದಿಂದ ಮಾಡದಿದ್ದ ಆ ದನಿ ಸ್ವಲ್ಪವೂ ತುಕ್ಕು ಹಿಡಿದಿರಲಿಲ್ಲ. ಮಗಳ ಮುಖ ಮೊದಲು ಅಳುವಿನತ್ತ ಹೊರಟು, ದಾರಿಯಲ್ಲೇ ತಿರುಗಿಕೊಂಡಿತು. ನಗುತ್ತಲೇ ಬೆರಳು ಚಾಚಿ ಕೀಲಿ ಒತ್ತಿದಳು.

‘ಅಂತೂ ಬಂದಿರಿ.’

ಗೋಡೆಯಾಚೆ ಕುಲುಮೆ ಮೆಲ್ಲನೆ ಗುಂಯ್‌ಗುಟ್ಟಿತು.

ಗಾಜಿನ ಈಚೆ ನಿಂತವರಿಗೆ ಕಂಡದ್ದು ಮೂರು ಬೆನ್ನುಗಳು. ಮೂರೂ ಅಲ್ಲಾಡುತ್ತಿದ್ದವು.

“ಅಯ್ಯೋ ಪಾಪ, ತಡ್ಕೊಳ್ಳೋಕೆ ಆಗ್ತಿಲ್ಲ ಅವರಿಗೆ,” ಎಂದು ಪಕ್ಕದ ಮನೆಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಹೌದೌದು,” ಎಂದ ಸೋದರಮಾವ. ಆಮೇಲೆ ಹುಬ್ಬು ಗಂಟಿಕ್ಕಿ ಗಾಜಿಗೆ ಕಿವಿ ಇಟ್ಟ. ಎರಡು ಪದರದ ದಪ್ಪ ಗಾಜು. ಕುಲುಮೆಯ ಸದ್ದೂ ಅದನ್ನು ದಾಟುತ್ತಿರಲಿಲ್ಲ. ಮೂವರಲ್ಲಿ ಒಬ್ಬನ ನಗು ಮಾತ್ರ, ಬಿಕ್ಕಳಿಕೆಯ ಸಮೇತ, ದಾಟಿ ಬರುತ್ತಿತ್ತು.