ಎದುರಂಗಡಿಯ ತಾಪೆಕುವೆ

ಗಿಡದ ಹೆಸರು ಬರೆದ ಜಾಡಿಯನ್ನು ಪ್ರಯೋಗಶಾಲೆಯ ಫ್ರಿಜ್ಜಿನಲ್ಲಿ ಇಡಬಾರದು ಎಂಬ ಸೂಚನೆ ಈಗ ನಮ್ಮ ಗೋಡೆಯ ಮೇಲಿದೆ. ಬೇರೆ ಊರಿನಲ್ಲಿ ಜಾಡಿಯ ಮೇಲಿನ ಅಂಥ ಹೆಸರಿನ ಚೀಟಿಯನ್ನು ಜನ ಎಚ್ಚರಿಕೆ ಎಂದು ಓದಿಕೊಳ್ಳಬಹುದು. ನಮ್ಮ ಅಸುನ್ಸಿಯೋನಿನಲ್ಲಿ ಜನವರಿ ಎಂದರೆ ನಡುಬೇಸಿಗೆ, ಸೊಪ್ಪು ನೆನೆಸಿದ ತಣ್ಣೀರನ್ನು ಎಲೆಪುಡಿಗೆ ಸುರಿದು ಕೊಳವೆಯಲ್ಲಿ ಹೀರುವ ತೆರೆರೆಯ ಕಾಲ; ಆ ಸೆಕೆಯಲ್ಲಿ ಅದು ಆಹ್ವಾನ.

ಸೂಚನೆಗೆ ಕಾರಣವಾದ ಜಾಡಿ ನಮ್ಮ ವಿದ್ಯಾರ್ಥಿನಿ ಲಿದುವಿನಾಳದು. ಅವಳ ತಾಯಿ ನ್ಯಾ ಆರ್ಸೇನಿಯಾ (ಹಿರಿಯ ಹೆಂಗಸರ ಹೆಸರಿಗೆ ನಾವು ಗೌರವದಿಂದ 'ನ್ಯಾ' ಸೇರಿಸುತ್ತೇವೆ) ಮಾರುಕಟ್ಟೆಯಲ್ಲಿ ಒರಳು ಮುಂದಿಟ್ಟುಕೊಂಡು ಸೊಪ್ಪುಬೇರು ಜಜ್ಜಿ ಮಾರುವವಳು. ಕಾಲುದಾರಿಯ ಅಂಚಿನಲ್ಲಿ ಬೆಳೆದು ಬಟ್ಟೆಗೆ ಮುಳ್ಳುಕಾಯಿ ಅಂಟಿಸುವ ತಾಪೆಕುವೆ ಎಂಬ ಕಳೆಯನ್ನು, ಕುರು ಎದ್ದವರಿಗೆಲ್ಲ ಕೊಟ್ಟು, "ಇದರ ನೀರಲ್ಲಿ ತೊಳಿ, ಹೋಗ್ತದೆ" ಅನ್ನುತ್ತಾಳೆ. ಅಮ್ಮ ಹೇಳುವುದು ನಿಜವೋ ಸುಳ್ಳೋ ತಿಳಿಯಲೆಂದೇ ಮಗಳು ಸೂಕ್ಷ್ಮಜೀವಿಗಳ ಓದಿಗೆ ಸೇರಿದ್ದು. "ಸುಳ್ಳು ಅಂತಾದ್ರೆ ಅವಳಿಗೆ ಹೇಳೋದು ಹೇಗೆ ಅಂತ ಕಲಿಯೋಕೆ ಇನ್ನೊಂದು ಪದವಿ ಬೇಕಾಗುತ್ತೆ" ಎಂದಿದ್ದಳು ಒಮ್ಮೆ.

ಅಮ್ಮನ ಸೊಪ್ಪನ್ನು ತಣ್ಣೀರಲ್ಲಿ ನೆನೆಹಾಕಿ, ಆ ಜಾಡಿಯಿಂದ ಪ್ರತಿ ಸಲ ಸ್ವಲ್ಪ ತೆಗೆದು, ಸೋಸಿ, ಗಟ್ಟಿ ಮಾಡಿ, ಕಾಗದದ ಪುಟ್ಟ ಬಿಲ್ಲೆಗೆ ಹೀರಿಸುತ್ತಿದ್ದಳು. ಕುರುವಿನ ಕೀವಿನಿಂದ ಬೆಳೆಸಿದ ಬ್ಯಾಕ್ಟೀರಿಯಾ ಹರಡಿದ ಗಾಜಿನ ತಟ್ಟೆಯ ಮೇಲೆ ಆ ಬಿಲ್ಲೆ. ಅಲ್ಲಿಯವರೆಗೆ ನೋಡಿದ ಎರಡು ಸಲವೂ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಸ್ವಚ್ಛವಾದ ಬಯಲು ಬಿದ್ದಿತ್ತು. ಬರೀ ನೀರು ಹೀರಿದ ಬಿಲ್ಲೆಯ ಸುತ್ತ ಏನೂ ಇಲ್ಲ. ಮೂರನೆಯ ಸಲವೂ ಹಾಗೇ ಬಂದರೆ ಅಮ್ಮ ಗೆದ್ದಳು.

ಅಷ್ಟರಲ್ಲಿ ನಾವು ಅದನ್ನು ಕುಡಿದುಬಿಟ್ಟೆವು.

ನಾವು ಎಂದರೆ ಲಿದುವಿನಾಳ ಮಾರ್ಗದರ್ಶಕ ಡಾಕ್ಟರ್ ಓವೆಲಾರ್ ಮತ್ತು ಪಕ್ಕದ ಕೋಣೆಯಲ್ಲಿ ಹೊಟ್ಟೆಹುಳುಗಳನ್ನು ನೋಡಿಕೊಂಡಿರುವ ನಾನು. ಬಿಸಿಲಲ್ಲಿ ಬೆಂದು ಬಂದ ಡಾಕ್ಟರು ಫ್ರಿಜ್ಜು ತೆಗೆದು, ಜಾಡಿಯ ಮೇಲಿನ ಹೆಸರು ಓದಿ, "ಆಹಾ, ಪುಣ್ಯಾತ್ಮರು ಯಾರೋ ತೆರೆರೆಗೆ ನೀರು ಮಾಡಿಟ್ಟಿದ್ದಾರೆ" ಎಂದು ಕೊಂಬಿನ ಲೋಟದ ಎಲೆಪುಡಿಯ ಮೇಲೆ ಸುರಿದೇಬಿಟ್ಟರು. ವಿಪರೀತ ಕಹಿ. ಆದರೆ ಒಂದೇ ಲೋಟ ಕೈಯಿಂದ ಕೈಗೆ ಸಾಗುವ ತೆರೆರೆಯಲ್ಲಿ, ಲೋಟ ಹಿಂದಿರುಗಿಸುತ್ತ 'ಥ್ಯಾಂಕ್ಸ್' ಅಂದರೆ 'ನನಗೆ ಸಾಕು, ಇನ್ನು ಕೊಡಬೇಡಿ' ಎಂದರ್ಥ. ಮೊದಲು ಅದನ್ನು ಹೇಳಿ ಹೇಡಿ ಅನ್ನಿಸಿಕೊಳ್ಳಲು ಇಬ್ಬರಿಗೂ ಮನಸ್ಸಿರಲಿಲ್ಲ. ಜಾಡಿ ಖಾಲಿಯಾಯಿತು.

ಲಿದುವಿನಾ ಬಾಗಿಲಲ್ಲೇ ನಿಂತಳು. "ಡಾಕ್ಟ್ರೇ, ಅದು ನನ್ನ ಪ್ರಬಂಧ."

ಡಾಕ್ಟರು ಕೊಳವೆಯನ್ನು ಬಾಯಿಂದ ತೆಗೆದರು. "ಸ್ವಲ್ಪ ಕಹಿ ಇದೆ."

"ಕೀವಿನ ತಟ್ಟೆಗಳ ಪಕ್ಕದಲ್ಲೇ ಇತ್ತು."

ಡಾಕ್ಟರು ನನ್ನತ್ತ ಚಾಚಿದ ಲೋಟವನ್ನು ನಾನು ಕೆಳಗಿಟ್ಟು ಥ್ಯಾಂಕ್ಸ್ ಅಂದೆ.

ಅವಳ ಕಣ್ಣು ತುಂಬಿತು. "ಅದೇ ಜಾಡೀಲಿ ಎರಡು ಸಲ ಬಯಲು ಬಂದಿತ್ತು. ಹೊಸದರಲ್ಲಿ ಬರದೇ ಹೋದ್ರೆ?"

"ಬರದೇ ಹೋದ್ರೆ ಕುರು ಎದ್ದವರು ತೊಳ್ಕೊಳ್ಳೋಕೆ ನಿನ್ನ ಆ ಒಂದೇ ಜಾಡೀನ ಎಲ್ಲಿಂದ ತರ್ತಾರೆ?" ಡಾಕ್ಟರು ಲೋಟವನ್ನು ಬದಿಗೆ ಸರಿಸಿದರು. "ಒಂದೇ ಜಾಡೀನ ಮೂರು ಸಲ ನೋಡೋದಕ್ಕೆ ನಾನು ಒಪ್ಪಿದ್ದೇ ತಪ್ಪು. ಹೊಸ ಸೊಪ್ಪು ತಾ. ಅಮ್ಮನ ಕಟ್ಟೊಂದೇ ಸಾಲದು. ಎದುರಂಗಡೀಲೂ ತಗೋ."

"ನ್ಯಾ ಒಬ್ದುಲಿಯಾ ಹತ್ರಾನಾ? ಅಮ್ಮ ನನ್ನ ಒರಳಿಗೆ ಹಾಕಿ ಜಜ್ತಾಳೆ!"

ಸಾಕ್ಷಿಗೆಂದು ನನ್ನನ್ನೂ ಮಾರುಕಟ್ಟೆಗೆ ಕರೆದೊಯ್ದಳು. ಆ ಎರಡು ಅಂಗಡಿಗಳ ನಡುವೆ ಇರುವುದು ಒಂದು ಕೈಗಾಡಿ ಹೋಗುವಷ್ಟು ಜಾಗ ಮತ್ತು ಎಷ್ಟೋ ವರ್ಷಗಳ ಜಗಳ. ಲಿದುವಿನಾ ತಲೆ ತಗ್ಗಿಸಿ ತಾಪೆಕುವೆ ಕೇಳಿದಾಗ ನ್ಯಾ ಒಬ್ದುಲಿಯಾ ಬೇಕೆಂದೇ ದನಿ ಎತ್ತರಿಸಿದಳು: "ಬಾ ತಾಯಿ, ಬಾ! ಒಳ್ಳೆ ಸೊಪ್ಪು ಎಲ್ಲಿ ಸಿಗುತ್ತೆ ಅಂತ ಓದಿದವರಿಗೆ ತಿಳಿಯುತ್ತಪ್ಪ!"

ಎದುರಿನ ಒರಳಿನ ಸದ್ದು ನಿಂತಿತು. ನ್ಯಾ ಆರ್ಸೇನಿಯಾ ನನ್ನತ್ತ ನೋಡಿ, "ಆ ಹುಡುಗಿ ಯಾರಪ್ಪ? ನನ್ನ ಮಗಳ ಥರಾನೇ ಇದಾಳೆ" ಎಂದಳು.

ಲಿದುವಿನಾ ಎರಡೂ ಅಂಗಡಿಗಳ ಸೊಪ್ಪಿನಿಂದ ಹೊಸ ಬಿಲ್ಲೆ ಮಾಡಿ, ತಟ್ಟೆಗಳನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಕಾದಳು. ಮರುದಿನ ಹೊರತೆಗೆದಾಗ ನೋಡಲು ಧೈರ್ಯವಾಗದೆ ನನ್ನ ಕೈಗೇ ಕೊಟ್ಟಳು. ಹುಳುಗಳನ್ನಷ್ಟೇ ನೋಡಿ ರೂಢಿಯಾದ ನನ್ನ ಕಣ್ಣಿಗೂ ಅದು ಕಾಣುವಂತಿತ್ತು. ಅಮ್ಮನ ಹೊಸ ಕಟ್ಟಿನ ಬಿಲ್ಲೆಯ ಸುತ್ತ ಬಯಲು. ಎದುರಂಗಡಿಯ ಬಿಲ್ಲೆಯ ಸುತ್ತಲೂ ಬಯಲು, ಅದೂ ಕೂದಲೆಳೆಯಷ್ಟು ಹೆಚ್ಚೇ.

"ಹೆಚ್ಚು ಅನ್ನೋದನ್ನ ಹೇಳ್ಲೇಬೇಕಾ?" ಎಂದಳು.

"ಪ್ರಬಂಧದಲ್ಲಿ ಹೇಳ್ಬೇಕು" ಎಂದರು ಡಾಕ್ಟರು. "ಮಾರುಕಟ್ಟೇಲಿ ನಿನ್ನಿಷ್ಟ."

ಅವಳು ಮಾರುಕಟ್ಟೆಯಲ್ಲೂ ಹೇಳಿದಳು.

"ಅಮ್ಮ, ನೀನು ಹೇಳೋದು ನಿಜ. ಗಾಜಿನ ತಟ್ಟೇಲಂತೂ ನಿಜ. ಮನುಷ್ಯರ ಮೈಮೇಲೆ ಇನ್ನೂ ನೋಡ್ಬೇಕು."

"ಮನುಷ್ಯರ ಮೈಮೇಲೆ ನಾನು ನೋಡಿದೀನಿ. ಅವಳದ್ದು?"

"ಅವಳದ್ದೂ ಕುರುವಿನ ಕ್ರಿಮೀನ ಕೊಲ್ಲುತ್ತೆ." ಲಿದುವಿನಾ ಅಮ್ಮನ ಕೈಯ ಒನಕೆಯತ್ತ ನೋಡಿದಳು. "ನಿನ್ನದಕ್ಕಿಂತ ಒಂಚೂರು ಜಾಸ್ತಿ."

ನ್ಯಾ ಆರ್ಸೇನಿಯಾ ಒನಕೆಯನ್ನು ಒರಳಿಗೆ ಒರಗಿಸಿದಳು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಒಬ್ದುಲಿಯಾ! ತಾಪೆಕುವೆ ಎಲ್ಲಿ ಕೀಳ್ತೀಯೇ ನೀನು?"

"ನಿನಗ್ಯಾಕೆ ಹೇಳ್ಲಿ?"

"ನನ್ನದಕ್ಕಿಂತ ನಿನ್ನದೇ ಚೆನ್ನಾಗಿದೆಯಂತೆ. ನನ್ನ ಮಗಳೇ ಹೇಳ್ತಿದಾಳೆ."

ಇಷ್ಟು ವರ್ಷಗಳ ಜಗಳದಲ್ಲಿ ನ್ಯಾ ಒಬ್ದುಲಿಯಾ ಆ ಬಾಯಿಂದ ಕೇಳಿದ ಮೊದಲ ಹೊಗಳಿಕೆ ಅದು. ತನ್ನ ಮಣೆಯನ್ನು ಎತ್ತಿಕೊಂಡು ಈಚೆ ಬಂದು ಕೂತಳು. "ಹಳೇ ರೈಲುಹಳಿ ಪಕ್ಕ. ಮರಳು ನೆಲ."

"ನನಗೂ ತೋರಿಸ್ತೀರಾ?" ಎಂದಳು ಲಿದುವಿನಾ. "ನೆಲ ಬದಲಾದ್ರೆ ಸೊಪ್ಪಿನ ಶಕ್ತೀನೂ ಬದಲಾಗುತ್ತಾ ನೋಡ್ಬೇಕು."

"ಬಿಸಿಲೇರೋಕೆ ಮುಂಚೆ ಬಾ. ಪ್ಯಾಂಟ್ ಹಾಕ್ಕೊಂಡು ಬಾ, ಮುಳ್ಳು ಅಂಟುತ್ತೆ."

"ನಾನೂ ಬರ್ತೀನಿ" ಎಂದಳು ನ್ಯಾ ಆರ್ಸೇನಿಯಾ, ತನ್ನ ತೆರೆರೆ ಲೋಟಕ್ಕೆ ತಣ್ಣೀರು ಹೊಯ್ದು ಎದುರಾಳಿಯ ಕೈಗೆ ಕೊಡುತ್ತ. "ನಿಮ್ಮಿಬ್ಬರನ್ನೇ ಬಿಟ್ರೆ ನನ್ನ ಬಗ್ಗೆ ಏನೇನು ಮಾತಾಡ್ಕೋತೀರೋ."

ನ್ಯಾ ಒಬ್ದುಲಿಯಾ ಕುಡಿದು ಲೋಟ ಹಿಂದಿರುಗಿಸಿದಳು. ಥ್ಯಾಂಕ್ಸ್ ಹೇಳಲಿಲ್ಲ.