ಆಕಾಶದಲ್ಲಿ ಯಾರೋ ಬಾಗಿಲು ತಟ್ಟಿದರು

ಬೆಳಿಗ್ಗೆ ಕಾಫಿ ಕುಡಿದು ಮನೆ ಬಿಟ್ಟು, ಭೂಮಿಯ ಆಚೆ ಬದಿಗೆ ಹೋಗಿ ಯುದ್ಧ ಮಾಡಿ, ಸಂಜೆ ಹೆಂಡತಿ ಬಡಿಸಿದ ಆಲೂಗಡ್ಡೆಯ ಹಬೆ ಆರುವುದರೊಳಗೆ ವಾಪಸ್ಸು ಬಂದು ಊಟಕ್ಕೆ ಕೂತವನು ಇಡೀ ನೆಬ್ರಾಸ್ಕದಲ್ಲಿ ಯಾರಾದರೂ ಇದ್ದರೆ ಅದು ನಾನೊಬ್ಬನೇ. ಒಂದು ದಿನವಲ್ಲ, ವರ್ಷಗಟ್ಟಲೆ. ನನ್ನ ವೇಗಕ್ಕೆ ನನ್ನ ನೆರಳೇ ಹಿಂದೆ ಬೀಳುತ್ತಿತ್ತು. ಸೋಮವಾರ ನಾನು ಮನೆ ಸೇರಿದರೆ ಅದು ಗುರುವಾರದ ಹೊತ್ತಿಗೆ ಏದುಸಿರು ಬಿಡುತ್ತ ಬಂದು ಅಂಗಳದಲ್ಲಿ ಬಿದ್ದುಕೊಳ್ಳುತ್ತಿತ್ತು.

ಈ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ನಮ್ಮೂರಿನ ಧಾನ್ಯ ತುಂಬಿಡುವ ಗೋಪುರಕ್ಕೆ ಬಾಯಿ ಬಂದರೆ ಅದೂ ಒಪ್ಪಿಸೀತು. ದೊಡ್ಡ ಹೆಸರು ಇಟ್ಟುಕೊಳ್ಳುವುದೆಂದರೆ ಕರೆಯುವ ಹಸು ಕಟ್ಟಿಕೊಂಡ ಹಾಗೆ. ಜ್ವರ ಬರಲಿ, ಸೊಂಟ ಹಿಡಿಯಲಿ, ದಿನಾ ಎದ್ದು ಹಾಲು ಕರೆಯಲೇಬೇಕು.

ಮೇ ತಿಂಗಳ ಆ ಭಾನುವಾರವೂ ಆ ಹಸುವನ್ನು ಕರೆಯುತ್ತಲೇ ಇದ್ದೆ. ನಮ್ಮೂರ ಹೊರಗೆ ಒಂದು ಪುಟ್ಟ ರನ್‌ವೇ, ಅದರ ಪಕ್ಕ ಒಂದು ತಗಡಿನ ಶೆಡ್ಡು. ವರ್ಷಕ್ಕೊಮ್ಮೆ ಅಲ್ಲಿ ಪ್ಯಾನ್‌ಕೇಕ್ ತಿಂಡಿ. ಸುತ್ತಲ ಊರುಗಳಿಂದ ಜನ ತಮ್ಮ ತಮ್ಮ ಪುಟ್ಟ ವಿಮಾನಗಳಲ್ಲಿ ಬಂದಿಳಿದು, ತಿಂದು, ಹರಟಿ, ಹಾರಿ ಹೋಗುತ್ತಾರೆ. ಒಂದೇ ನಿಯಮ: ವಿಮಾನ ನಡೆಸಿಕೊಂಡು ಬಂದವನಿಗೆ ಪುಕ್ಕಟೆ, ಕಾರಿನಲ್ಲಿ ಬಂದವನು ಕಾಫಿ ಡಬ್ಬಿಗೆ ದುಡ್ಡು ಹಾಕಬೇಕು. ನಾನು ಬರುವುದು ಪಿಕಪ್ ಟ್ರಕ್ಕಿನಲ್ಲಿ. ಆದರೂ ಡಬ್ಬಿ ಕಾಯುವ ಆರ್ಲೀನ್ ಅಜ್ಜಿ, "ಯುದ್ಧದಲ್ಲಿ ಹಾರಿದೋನು, ನಿಂದೆಂಥ ದುಡ್ಡು, ತಿನ್ನಪ್ಪ" ಎಂದು ಪ್ರತಿ ವರ್ಷ ಡಬ್ಬಿಯ ಬಾಯಿಗೆ ಅಂಗೈ ಮುಚ್ಚುತ್ತಿದ್ದಳು. ಋಣ ತೀರಿಸಲೆಂದು ನಾನು ಏಪ್ರನ್ ಕಟ್ಟಿ ಕಾವಲಿಯ ಮುಂದೆ ನಿಲ್ಲುತ್ತಿದ್ದೆ. ನಾನು ಹುಯ್ದ ಒಂದು ಪ್ಯಾನ್‌ಕೇಕಿನ ಮೇಲೆ ಎರಡು ವಿಮಾನ ಒಟ್ಟಿಗೆ ಇಳಿಸಬಹುದು, ಅಡ್ಡಗಾಳಿ ಇದ್ದರೂ.

ನನ್ನ ಅಕ್ಕನ ಮಗಳು ಮ್ಯಾರೆನ್, ವೆಂಡೆಲ್‌ನ ಹಳದಿ ವಿಮಾನವನ್ನು ಊರ ಮೇಲೆ ಒಂದು ಸುತ್ತು ಹಾಕಿಸಿ ಇಳಿಸಿ ಬಂದಳು. ಹೈಸ್ಕೂಲು ಮುಗಿಸುತ್ತಿರುವ ಹುಡುಗಿ. ವೆಂಡೆಲ್ ಜೋಳದ ಹೊಲಗಳಿಗೆ ವಿಮಾನದಿಂದ ಔಷಧಿ ಹೊಡೆಯುವ ಮುದುಕ, ಅವಳಿಗೆ ಹಾರಲು ಕಲಿಸಿದವನು. ಅವಳು ಮೊದಲ ಸಲ ಒಬ್ಬಳೇ ಹಾರಿ ಇಳಿದ ದಿನ ಹಾರುವವರ ಪದ್ಧತಿಯಂತೆ ಅವಳ ಅಂಗಿಯ ಹಿಂಭಾಗ ಕತ್ತರಿಸಿ, ಹೆಸರು ಬರೆದು, ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದ. ಅವತ್ತು ಅವಳ ಮುಖ ನೋಡಬೇಕಿತ್ತು. ಈಗಿನ ಮುಖ ಬೇರೆ. ವಾರದಿಂದ ನಿದ್ದೆಯಿಲ್ಲದ ಮುಖ.

"ಮಾವ, ನಾಳೆ ಸಂಜೆಯೊಳ್ಗೆ ಹೇಳ್ಬೇಕು. ನಂಗೆ ಯೋಚ್ನೆ ಮಾಡೀ ಮಾಡೀ ತಲೆ ಕೆಟ್ಟು ಮೊಸರಾಗಿದೆ."

ಏನು ಹೇಳಬೇಕೆಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಅವಳಿಗೆ ಸೇನೆಯ ವಿಮಾನ ಹಾರಿಸಬೇಕು, ಅದೊಂದೇ ಆಸೆ. ಅದಕ್ಕೆ ಕಾಲೇಜಿನಲ್ಲಿ ಓದುತ್ತಲೇ ಅಧಿಕಾರಿಯಾಗುವ ತರಬೇತಿ ಸೇರಬೇಕು, ದಾರಿ ಎರಡು. ವಾಯುಪಡೆಯವರು ನಾಲ್ಕು ವರ್ಷದ ಕಾಲೇಜಿನ ಖರ್ಚನ್ನೆಲ್ಲ ಕೊಡುತ್ತಾರೆ. ಆದರೆ ಪೈಲಟ್ ಮಾಡುತ್ತಾರೋ ಇಲ್ಲವೋ ಮೂರನೇ ವರ್ಷದಲ್ಲಿ ತಿಳಿಯುವುದು. ಆರಿಸದಿದ್ದರೆ ಕೊಟ್ಟ ಕೆಲಸ ಮಾಡಬೇಕು. ಮರೀನ್ ಪಡೆಗೂ ತನ್ನದೇ ವಿಮಾನಗಳಿವೆ; ಅವರು ಬೇಸಿಗೆ ರಜೆಯಲ್ಲಿ ಕರೆದೊಯ್ದು ಬೆವರಿಳಿಸುತ್ತಾರೆ, ಕಾಲೇಜಿನ ಖರ್ಚು ನಿನ್ನ ಪಾಡು ಎನ್ನುತ್ತಾರೆ. ಆದರೆ ಮೈ, ಕಣ್ಣು, ಪರೀಕ್ಷೆ ಎಲ್ಲ ಸರಿಯಿದ್ದರೆ ಹಾರುವ ಜಾಗವನ್ನು ಮೊದಲೇ ಬರೆದುಕೊಡುತ್ತಾರೆ.

"ಇದ್ರಲ್ಲಿ ಯೋಚ್ನೆ ಎಂಥದ್ದೇ?" ಎಂದೆ. "ನಾನು ಹೋದ ದಾರೀಲಿ ಹೋಗು. ವಾಯುಪಡೆ. ನಾನು ಬಾಯಿ ತೆಗೆಯೋ ಮೊದ್ಲೇ ವಿಮಾನದ ಬೀಗದ ಕೈ ತಂದು ಕೊಟ್ರು. 'ಟೋಬಿ ಹ್ರುಬಿ ಅವ್ರೇ, ನೀವು ಹಾರಲ್ಲ ಅಂದ್ರೆ ಆಕಾಶ ಮುಚ್ಚಿಬಿಡ್ತೀವಿ' ಅಂದ್ರು ಜನರಲ್ಲು."

"ವಿಮಾನಕ್ಕೆ ಬೀಗದ ಕೈಯಾ?" ಎಂದ ವೆಂಡೆಲ್, ತಟ್ಟೆಯಿಂದ ತಲೆಯೆತ್ತದೆ.

"ನಂದಕ್ಕಿತ್ತು ವೆಂಡೆಲ್. ಕದಿಯೋರು ಜಾಸ್ತಿ ನೋಡಿ ಅಲ್ಲಿ."

ಆರ್ಲೀನ್ ಅಜ್ಜಿ ಕಿಸಕ್ಕೆಂದಳು. ಮ್ಯಾರೆನ್ ನಗಲಿಲ್ಲ. "ಎಲ್ರಿಗೂ ಕೊಡಲ್ವಂತೆ ಮಾವ."

"ನಮ್ಮ ಮನೆತನಕ್ಕೆ ಕೊಡ್ತಾರೆ. ನನ್ನ ಹೆಸ್ರು ಹೇಳು."

"ನಿಜ ತಾನೇ? ನಾನು ನಿನ್ನ ಮಾತು ನಂಬ್ಕೊಂಡೇ ಅದಕ್ಕೆ ಹೂಂ ಅನ್ನಬೇಕೂಂತಿದೀನಿ. ಅಮ್ಮಂಗೂ ಹಾಗೇ ಹೇಳಿದೀನಿ."

ಆಗ ನಿಲ್ಲಿಸಬೇಕಿತ್ತು. ಆದರೆ ಓಡುವ ನಾಲಗೆಗೆ ಬ್ರೇಕು ಎಲ್ಲಿಯದು? ಸುತ್ತ ನಾಲ್ಕು ಜನ ತಟ್ಟೆ ಹಿಡಿದು ನಿಂತಿದ್ದರು, ಮುಖದಲ್ಲಿ 'ಹೇಳಪ್ಪ ಒಂದು' ಎನ್ನುವ ಕಳೆ. ಕಾವಲಿಗೆ ಹಿಟ್ಟು ಹುಯ್ದು ಶುರು ಮಾಡಿದೆ.

"ಒಂದಿನ ಏನಾಯ್ತು ಗೊತ್ತಾ? ಬೆಟ್ಟಗಳ ಮೇಲೆ ಹಾರ್ತಿದ್ದೀನಿ. ಎಂಥ ಬೆಟ್ಟ ಅಂತೀರಿ, ತುದಿ ನೋಡೋಕೆ ಎರಡು ಸಲ ಕತ್ತೆತ್ತಬೇಕು. ಗಾಳಿ ಅಂದ್ರೆ ಗಾಳಿ. ರೆಕ್ಕೆಗೆಲ್ಲ ಮಂಜು ಹಿಡಿದು ವಿಮಾನ ಐಸ್‌ಕ್ರೀಮ್ ಥರ ಆಗಿದೆ. ಕೆಳಗೆ ನಮ್ಮ ಹುಡುಗ್ರು, ಕಂದಕದಲ್ಲಿ ಸಿಕ್ಕಾಕ್ಕೊಂಡು ನನ್ನನ್ನೇ ಕೂಗ್ತಿದಾರೆ. ನಾನು ಒಂದು ಕೈಲಿ ವಿಮಾನ ಹಿಡ್ಕೊಂಡು, ಇನ್ನೊಂದು ಕೈಲಿ ಬೆವರು ಒರೆಸ್ಕೋತಾ ಇದ್ದೀನಿ. ಅಷ್ಟೊತ್ತಿಗೆ ಟಕ್ ಟಕ್ ಟಕ್ ಅಂತ ಬಾಗಿಲು ತಟ್ಟಿದ್ರು. 'ಟೋಬಿ, ನಿನ್ನ ಹೆಂಡ್ತಿ ಫೋನು. ಅಡುಗೆ ಮನೇಲಿ ನಲ್ಲಿ ಒಡೆದು ಮೊಣಕಾಲುದ್ದ ನೀರು ತುಂಬಿದೆಯಂತೆ.' ಯುದ್ಧ ನೋಡ್ಲಾ, ನಲ್ಲಿ ನೋಡ್ಲಾ? ನಾನಂದೆ..."

"ಯಾರು?" ಎಂದಳು ಮ್ಯಾರೆನ್.

"ಯಾರು ಅಂದ್ರೆ? ಡಾರ್ಲಾ. ನಿನ್ನ ಮಾಜಿ ಅತ್ತೆ."

"ಅವಳಲ್ಲ. ಬಾಗಿಲು ತಟ್ಟಿದ್ದು ಯಾರು?"

ಕಾವಲಿ ಚುಂಯ್ ಎಂದಿತು. ನಾನು ಇನ್ನೂ ಬೇಯದ ಪ್ಯಾನ್‌ಕೇಕನ್ನು ಮಗುಚಿ ಹಾಕಿದೆ.

"ಬಿಡಮ್ಮ," ಎಂದ ವೆಂಡೆಲ್. "ಯಾರೋ ದೇವದೂತ ಇರ್ಬೇಕು. ಅಷ್ಟೆತ್ತರದಲ್ಲಿ ಅಕ್ಕಪಕ್ಕದ ಮನೆಯೋರು ಅವ್ರೇ ತಾನೆ?"

ಜನ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. "ದೊಡ್ಡ ವಿಮಾನ ಅದು. ಹಿಂದೆ ಕೋಣೆ ಇತ್ತು. ಬಾಗಿಲು ಇರ್ದೆ ಇರುತ್ತಾ?"

"ನಿಂದು ಒಂದೇ ಸೀಟಿನ ವಿಮಾನ ಅಂದಿದ್ದೆ," ಎಂದಳು ಅವಳು. ದನಿಯಲ್ಲಿ ಕೋಪವಿರಲಿಲ್ಲ, ಅದೇ ಭಯ ಹುಟ್ಟಿಸಿತು. "ಮೊಣಕಾಲು ಗದ್ದಕ್ಕೆ ತಾಗೋಷ್ಟು ಇಕ್ಕಟ್ಟು ಅಂತ ಕ್ರಿಸ್‌ಮಸ್‌ನಲ್ಲಿ ಕುರ್ಚಿ ಮೇಲೆ ಕೂತು ತೋರಿಸಿದ್ದೆ. ಮಾವ, ಗಾಳಿ ಹಾಗೆ ಹೊಡೆದಾಗ ಮೊದ್ಲು ಏನಾಗುತ್ತೆ? ಇಲ್ಲಿ, ಹೊಟ್ಟೇಲಿ. ನಂಗೆ ಆ ಹಳದಿ ವಿಮಾನದಲ್ಲೇ ಆಗುತ್ತೆ. ನೀನು ಒಂದು ಸಲಾನೂ ಅದನ್ನ ಹೇಳಿಲ್ಲ. ಯಾವಾಗ್ಲೂ ಬೆನ್ನು ನೋವು, ಕಣ್ಣುರಿ, ಕಾಫಿ, ಅಷ್ಟೇ."

ಹೇಳಲು ಇನ್ನೂ ಒಂಬೈನೂರು ಸುಳ್ಳು ನನ್ನ ಬಳಿ ಇದ್ದವು. ಒಂದೊಂದೂ ಓಡಲು ತಯಾರಾಗಿ ನಿಂತ ಕುದುರೆ. ಆದರೆ ಆ ಹುಡುಗಿಯ ಕಣ್ಣ ಕೆಳಗಿನ ಕಪ್ಪು ನೋಡಿದೆ. ನಾಳೆ ಸಂಜೆ ಅವಳು ಹೂಂ ಎನ್ನುವುದು ನನ್ನ ಬೀಗದ ಕೈ ನಂಬಿ. ಒಮ್ಮೆಲೇ ಎಷ್ಟು ಆಯಾಸವಾಯಿತೆಂದರೆ ಸಟ್ಟುಗವೇ ಭಾರವಾಯಿತು. ಕಾವಲಿ ಆರಿಸಿ, ಬಕೆಟ್ಟು ಬೋರಲು ಹಾಕಿ ಕೂತೆ.

"ವಿಮಾನ ಅಲ್ಲ, ಡಬ್ಬ ಕಣೆ ಅದು," ಎಂದೆ. "ಕಬ್ಬಿಣದ ಡಬ್ಬ. ನೆವಾಡಾದ ಮರಳುಗಾಡಲ್ಲಿ ನೆಲಕ್ಕೆ ಊರಿದ್ದು. ಕಿಟಕಿ ಇಲ್ಲ. ಕುರ್ಚಿ, ಪರದೆಗಳು, ಒಂದು ಬಾಗಿಲು. ತಟ್ಟಿದ್ದು ಆಚೆ ಕೂತಿದ್ದ ಜೊತೆಗಾರ. ವಿಮಾನ ಆಚೆ ಬದೀಲಿ ಹಾರ್ತಿತ್ತು, ನಾನು ಈಚೆ ಬದೀಲಿ ಕೂತು ನಡೆಸ್ತಿದ್ದೆ. ಅದ್ರೊಳಗೆ ಯಾರೂ ಕೂರೋದಿಲ್ಲ. ಸೀಟೇ ಇಲ್ಲ. ಕಲಿಯೋವಾಗ ಒಂದು ಪುಟ್ಟ ವಿಮಾನದಲ್ಲಿ ಸ್ವಲ್ಪ ದಿನ ಹಾರಿಸಿದ್ರು, ಅಷ್ಟೇ. ಆಮೇಲೆ ನನ್ನ ಕಾಲು ನೆಲ ಬಿಡ್ಲಿಲ್ಲ."

ವೆಂಡೆಲ್ ಫೋರ್ಕು ಕೆಳಗಿಟ್ಟ.

"ನೀನು ಪೈಲಟ್ ಅಂತ..." ಎಂದಳು ಮ್ಯಾರೆನ್.

"ಪೈಲಟ್ಟೇ. ಎದೆ ಮೇಲೆ ರೆಕ್ಕೆ ಬಿಲ್ಲೆ, ಹಾರೋರ ಉಡುಪು, ಎಲ್ಲಾ ಕೊಟ್ಟಿದ್ರು. ಮೂರನೇ ವರ್ಷ ಯಾವ್ಯಾವ ಕೆಲಸ ಬೇಕೋ ಸಾಲಾಗಿ ಬರೀರಿ ಅಂದ್ರು. ಮೊದಲ್ನೇದು ಹಾರೋ ಪೈಲಟ್ ಅಂತ ಬರೆದೆ. ಸೀನಿಯರ್ ಹುಡುಗ್ರು, 'ದೂರದಿಂದ ನಡೆಸೋನಿಗೂ ಪೈಲಟ್ ಅಂತ್ಲೇ ಹೆಸ್ರಲ್ಲ, ಎರಡ್ನೇದಕ್ಕೆ ಅದನ್ನೂ ಹಾಕು, ಉತ್ಸಾಹ ಇದೆ ಅನ್ಕೋತಾರೆ' ಅಂದ್ರು. ಹಾಕ್ದೆ. ಎರಡ್ನೇದು ಬಂತು. ಮನೆಗೆ ಫೋನ್ ಮಾಡಿ 'ಪೈಲಟ್ ಸಿಕ್ತು' ಅಂದೆ. ಅದು ಸುಳ್ಳಲ್ಲ ನೋಡು. ಮನೆಗೆ ಬಂದಾಗ ನಮ್ಮಮ್ಮ ವಿಮಾನದ ಆಕಾರದ ಕೇಕು ಮಾಡಿಟ್ಟಿದ್ಲು. ರೆಕ್ಕೆ ಕತ್ತರಿಸಿ ನಂಗೇ ಕೊಟ್ಲು. ಆ ರೆಕ್ಕೆ ತಿಂದ್ಮೇಲೆ ಹೇಗೆ ಹೇಳ್ಲಿ? ಆಮೇಲೆ ಕೆಲಸದ ಮಾತು ಮನೇಲಿ ಆಡೋ ಹಾಗಿರ್ಲಿಲ್ಲ, ಅದೂ ಒಂದು ನೆವ ಆಯ್ತು."

"ಅದು ಕೆಟ್ಟ ಕೆಲ್ಸನಾ?"

"ಅಲ್ಲ. ಬೇಕು ಅಂತ್ಲೇ ಆರಿಸ್ಕೊಂಡು ಬಂದೋರೂ ಇದ್ರು ನನ್ನ ಪಕ್ಕದಲ್ಲಿ. ನನಗಿಂತ ಚೆನ್ನಾಗಿ ಮಾಡ್ತಿದ್ರು, ಅವ್ರಿಗೆ ಯಾರಿಗೂ ಕಥೆ ಕಟ್ಟೋ ಅಗತ್ಯ ಇರ್ಲಿಲ್ಲ. ನಾನು ಬೇಕು ಅಂದಿದ್ದು ಬೇರೆ, ಅದು ತಾನೇ ತಾಪತ್ರಯ."

ಮ್ಯಾರೆನ್ ಗೋಡೆಯ ಮೇಲಿನ ತನ್ನ ಅಂಗಿಯ ತುಂಡನ್ನು ನೋಡುತ್ತ ಕೂತಳು. ನಂತರ ಅಂಗೈಗಳಿಂದ ಕಣ್ಣು ಉಜ್ಜಿಕೊಂಡಳು.

"ನಂಗೆ ಏನು ಕೊಟ್ರೂ ಮಾಡ್ತೀನಿ ಅನ್ನೋ ಧೈರ್ಯ ಇಲ್ಲ ಮಾವ. ನಂಗೆ ಹೊಟ್ಟೇಲಿ ಆಗೋದು ಬೇಕು."

"ಹಾಗಾದ್ರೆ ಹಾರೋ ಜಾಗ ಮೊದ್ಲೇ ಬರ್ಕೊಡೋರ ಹತ್ರ ಹೋಗು. ಬರ್ದಿದ್ರಲ್ಲಿ ಸೀಟು ಇದೆಯಾ ಅಂತ ಕೇಳು. ನಾಚ್ಕೋಬೇಡ, ಕೇಳು."

"ಕಾಲೇಜಿನ ಖರ್ಚು?"

"ಅದಕ್ಕೆ ನನ್ನ ಹತ್ರ ಕಥೆ ಇಲ್ಲ ಕಣೆ."

ಅವಳು ಉಸ್ಸೆಂದಳು. "ಅಂದ್ರೆ ಫೀಸಿಗೆ ನಾಲ್ಕು ವರ್ಷ ಧಾನ್ಯದ ಗೋಪುರದಲ್ಲಿ ಜೋಳ ತೂಗ್ಬೇಕು. ಸರಿ. ನಾಳೆ ವಾಯುಪಡೆಯೋರಿಗೆ ಬೇಡ ಅಂತೀನಿ. ಅಮ್ಮಂಗೆ ಹೇಳೋದು ಮಾತ್ರ ನೀನು. ಈ ಸಲ ಒಂದು ಸೀಟಿನ ವಿಮಾನ ಎಲ್ಲ ಬೇಡ."

ಆರ್ಲೀನ್ ಅಜ್ಜಿ ಕಾಫಿ ಡಬ್ಬಿಯನ್ನು ಮೇಜಿನ ಮೇಲೆ ನನ್ನ ಕಡೆ ಸರಿಸಿದಳು. "ಏನಜ್ಜಿ, ಹಳೇದೆಲ್ಲ ಸೇರಿಸಿ ಹಾಕ್ಲಾ?" ಎಂದೆ. "ಹಳೇದು ನಿನ್ನ ಕಥೆಗಳ ಲೆಕ್ಕಕ್ಕೆ ವಜಾ ಆಯ್ತು. ಇವತ್ತಿಂದು ಹಾಕು," ಎಂದಳು. ಹಾಕಿದೆ.

ಏಪ್ರನ್ ಬಿಚ್ಚುವಾಗ ಮ್ಯಾರೆನ್ ಹತ್ತಿರ ಬಂದು ಕೇಳಿದಳು. "ಸಂಜೆ ಊಟಕ್ಕೆ ಮನೆಗೆ ಬರ್ತಿದ್ದೆ ಅಂತಿದ್ಯಲ್ಲ. ಅದೂ ಸುಳ್ಳಾ?"

"ಅದೊಂದು ನಿಜ," ಎಂದೆ. "ಡಬ್ಬದಿಂದ ಮನೆಗೆ ಕಾರಲ್ಲಿ ಮುಕ್ಕಾಲು ಗಂಟೆ. ಬಂದು ಕೂತ್ರೆ ಆಲೂಗಡ್ಡೆ ಇನ್ನೂ ಬಿಸಿ ಇರ್ತಿತ್ತು. ಡಾರ್ಲಾ ಏನೋ ಕೇಳ್ತಿದ್ಲು, ನನ್ನ ಕಣ್ಮುಂದೆ ಇನ್ನೂ ಆ ಪರದೆಗಳೇ, ನಂಗೆ ಕೇಳ್ಸ್ತಿರ್ಲಿಲ್ಲ. ಹಿಂದೆ ಬೀಳ್ತಿದ್ದಿದ್ದು ನೆರಳಲ್ಲ ಕಣೆ. ನೆರಳು ಸರಿಯಾದ ಹೊತ್ತಿಗೆ ಬಂದು ಊಟಕ್ಕೆ ಕೂತಿರ್ತಿತ್ತು. ನಾನೇ ಬರ್ತಿರ್ಲಿಲ್ಲ."