ನೀಲಿ ಪಟ್ಟಿ

ಬೊಮ್ಮನಹಳ್ಳಿಯ ಆ ಬಿಸ್ಕತ್ ಕಾರ್ಖಾನೆಯಲ್ಲಿ ಕೈಗಾಯಕ್ಕೆ ನೀಲಿ ಪಟ್ಟಿಯನ್ನೇ ಅಂಟಿಸುತ್ತಾರೆ. ಬಿಸ್ಕತ್ತಿನ ನಡುವೆ ಬಿದ್ದರೆ ತಟ್ಟನೆ ಕಾಣಬೇಕು. ಟೀ ಬಿಡುವಿನಲ್ಲಿ ಚನ್ನಕ್ಕ ಕೈಗವಸು ಕಳಚಿದಾಗ ಅದರ ತುದಿ ಹರಿದಿತ್ತು, ಗಾಯದ ಬೆರಳಿಗೆ ಅಂಟಿಸಿದ್ದ ಪಟ್ಟಿ ಇರಲಿಲ್ಲ. ಬೆಳಗಿನಿಂದ ಅವಳು ಜೋಡಿಸಿಕೊಟ್ಟ ಬಿಸ್ಕತ್ತೆಲ್ಲ ಪ್ಯಾಕಾಗಿ ಲಾರಿ ಏರುತ್ತಿತ್ತು. ಅವಳ ಕೆಲಸ ಕಾಯಂ ಆಗಲು ನಾಲ್ಕೇ ದಿನ ಉಳಿದಿತ್ತು.

“ಸುಮ್ನಿರಕ್ಕ, ಯಾರಿಗ್ ಗೊತ್ತಾಗತ್ತೆ?” ಎಂದಳು ಪಕ್ಕದ ಕೃಪಾ.

“ತಿನ್ನೋ ಕೂಸಿನ ಬಾಯಿಗೆ ಗೊತ್ತಾಗ್ತೈತಿ.”

ಚನ್ನಕ್ಕ ಸೂಪರ್‌ವೈಸರ್ ಶಾಂಭವಿಗೆ ಹೇಳಿದಳು. ಲಾರಿ ನಿಂತಿತು. ಪೊಟ್ಟಣಗಳನ್ನು ಒಂದೊಂದಾಗಿ ಒಡೆಯುತ್ತ ಎಲ್ಲರೂ ಗೊಣಗಿದರು. ಹನ್ನೊಂದನೆಯ ಪೆಟ್ಟಿಗೆಯಲ್ಲಿ ಪಟ್ಟಿ ಸಿಕ್ಕಿತು, ಕೃಪಾಳ ಕೈಗೇ.

“ನಾಳಿಂದ ಬರಬ್ಯಾಡೇನ್ರಿ ಮೇಡಂ?” ಚನ್ನಕ್ಕ ಕೇಳಿದಳು.

ಶಾಂಭವಿ ಪಟ್ಟಿಯ ಡಬ್ಬಿ ತೆರೆದರು. “ಮೊದ್ಲು ಬೆರಳು ಕೊಡಿ. ನಾಳೆ ಕೆಲ್ಸದಲ್ಲಿ ಮತ್ತೆ ಬಿಚ್ಕೋಬಾರ್ದು.”